ಎದ್ದು ಬಂದವರ ಎದುರು ನಟ
(ದತ್ತಿ ಉಪನ್ಯಾಸದ ಲಿಖಿತ ರೂಪ)



ಪೆರು ದೇಶದಲ್ಲಿ 1973ರಲ್ಲಿ ಒಂದು ಸಾಕ್ಷರತಾ ಕಾರ್ಯಕ್ರಮ ನಡೆಯುತ್ತಿತ್ತು. ಅದರಲ್ಲಿ ನಾಟಕದ ಕೆಲಸ ಮಾಡುತ್ತಿದ್ದವರು ಅಗಸ್ತೊ ಬೊವಾಲ್. ಬ್ರೆಜಿಲ್‌ನವರು. ಅಲ್ಲಿನ ಮಿಲಿಟರಿ ಆಡಳಿತ 1971ರಲ್ಲಿ ಅವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟಿತ್ತು, ಆಮೇಲೆ ಅವರು ದೇಶ ಬಿಡಬೇಕಾಯಿತು. ಪೆರುವಿನಲ್ಲಿ ಅವರು ಹಿಡಿದ ದಾರಿ ಸರಳವಾಗಿತ್ತು. ಊರಿನವರದೇ ಒಂದು ತೊಡಕನ್ನು ನಟರು ಆಡಿ ತೋರಿಸುವುದು, ಬಿಕ್ಕಟ್ಟು ಬಂದಲ್ಲಿ ನಿಲ್ಲಿಸಿ ‘ಮುಂದೇನು ಮಾಡಬೇಕು ಹೇಳಿ’ ಎಂದು ಜನರನ್ನು ಕೇಳುವುದು, ಜನ ಹೇಳಿದಂತೆ ನಟರು ಆಡುವುದು. ಒಂದು ಸಲ ಓದು ಬಾರದ ಹೆಂಗಸೊಬ್ಬಳ ಕಥೆ ಬಂತು. ಗಂಡ ‘ಜೋಪಾನವಾಗಿ ಇಡು’ ಎಂದು ಕೊಟ್ಟ ಕಾಗದಗಳನ್ನು ಅವಳು ಬೇರೊಬ್ಬರ ಕೈಲಿ ಓದಿಸಿದರೆ, ಅವು ಅವನ ಪ್ರೇಯಸಿ ಬರೆದ ಪತ್ರಗಳು. ಗಂಡ ಮನೆಗೆ ಬಂದಾಗ ಇವಳೇನು ಮಾಡಬೇಕು?

ಜನ ಒಂದೊಂದು ಹೇಳಿದರು. ಒಬ್ಬ ದಪ್ಪನೆಯ ಹೆಂಗಸು ಮಾತ್ರ ‘ಅವನ ಹತ್ತಿರ ಸ್ಪಷ್ಟವಾಗಿ ಮಾತಾಡಬೇಕು’ ಎಂದಳು. ನಟಿ ಸ್ಪಷ್ಟವಾಗಿ ಮಾತಾಡಿದಳು. ‘ಹೀಗಲ್ಲ’ ಎಂದಳು ಆಕೆ. ಮತ್ತೆ ಆಡಿದರು. ಮತ್ತೆ ಹೀಗಲ್ಲ. ಕೊನೆಗೆ ಬೊವಾಲ್ ‘ನೀವೇ ಬಂದು ತೋರಿಸಿ’ ಎಂದರು. ಆಕೆ ರಂಗಕ್ಕೆ ಬಂದು ಪೊರಕೆ ಹಿಡಿದು ಗಂಡನ ಪಾತ್ರದವನಿಗೆ ಚೆನ್ನಾಗಿ ಬಾರಿಸಿದಳು. ಅವಳ ಲೆಕ್ಕದಲ್ಲಿ ಸ್ಪಷ್ಟವಾದ ಮಾತು ಎಂದರೆ ಅದು. ಫೋರಂ ರಂಗಭೂಮಿ, ಅಂದರೆ ಪ್ರೇಕ್ಷಕರೇ ಎದ್ದು ಬಂದು ಪಾತ್ರ ವಹಿಸಿಕೊಳ್ಳುವ ನಾಟಕ ಕ್ರಮ, ಅಲ್ಲಿಂದ ಹುಟ್ಟಿತು ಎಂದು ಬೊವಾಲ್ ಬರೆದಿದ್ದಾರೆ.

ಈ ಕಥೆ ಹೇಳುವವರೆಲ್ಲ ಆ ಹೆಂಗಸಿನ ಬಗ್ಗೆ ಹೇಳುತ್ತಾರೆ, ಹೇಳಬೇಕಾದ್ದೇ. ನನ್ನ ಕುತೂಹಲ ಇರುವುದು ಹೊಡೆತ ತಿಂದ ನಟನ ಬಗ್ಗೆ. ಅವನು ‘ಏನಮ್ಮ ಇದು, ನಾಟಕ ಕಣಮ್ಮ’ ಎಂದು ಪೊರಕೆ ಕಿತ್ತುಕೊಂಡಿದ್ದರೆ? ಜನರನ್ನು ನಗಿಸಲು ಕೋಡಂಗಿಯ ಹಾಗೆ ಓಡಾಡಿದ್ದರೆ? ಅಂಥ ಹೊತ್ತಿನಲ್ಲಿ ನಟ ನಿಲ್ಲಬೇಕು, ಏಟು ತಿನ್ನಬೇಕು, ಗಂಡನಾಗಿಯೇ ಉಳಿಯಬೇಕು. ಇದಕ್ಕೆ ಒಂದು ತರಬೇತಿ ಬೇಕು. ಇವತ್ತಿನ ನನ್ನ ಮಾತು ಅದರ ಸುತ್ತ.

ಪ್ರೇಕ್ಷಕರೊಂದಿಗೆ ಸಂವಾದ ನಡೆಸುವ ನಾಟಕಗಳು ನಮ್ಮಲ್ಲೂ ಈಗ ಬೇಕಾದಷ್ಟಿವೆ. ಶಾಲೆಗಳಲ್ಲಿ ಶಿಕ್ಷಣರಂಗ, ಆರೋಗ್ಯ ಇಲಾಖೆಯ ಬೀದಿನಾಟಕ, ಪ್ರೇಕ್ಷಕರು ಹೇಳಿದ ಅನುಭವವನ್ನು ಆಗಲೇ ಆಡಿ ತೋರಿಸುವ ಪ್ಲೇಬ್ಯಾಕ್. ಈ ಕೊನೆಯದನ್ನು 1975ರಲ್ಲಿ ಅಮೆರಿಕದಲ್ಲಿ ಜೊನಾಥನ್ ಫಾಕ್ಸ್, ಜೋ ಸಲಾಸ್ ಶುರು ಮಾಡಿದರು. ಎಲ್ಲ ಕಡೆಯೂ ಒಂದು ಅಸಮತೆ ಇದೆ. ಒಬ್ಬನಿಗೆ ತಾಲೀಮು ಆಗಿದೆ, ಇನ್ನೊಬ್ಬನಿಗೆ ಆಗಿಲ್ಲ. ಒಬ್ಬನಿಗೆ ಮುಂದೇನೆಂದು ಸ್ವಲ್ಪವಾದರೂ ಗೊತ್ತು, ಇನ್ನೊಬ್ಬಳು ಸೆರಗು ಸರಿಮಾಡಿಕೊಂಡು, ಎದೆ ಹೊಡೆದುಕೊಳ್ಳುತ್ತಿರುವಾಗ ಎದ್ದು ಬಂದಿದ್ದಾಳೆ. ಇಂಥ ಹೊತ್ತಿನಲ್ಲಿ ನಟನಿಗೆ ಬೇಕಾದ್ದು ಚುರುಕು ಮಾತು ಎಂದು ಹೆಚ್ಚಿನವರು ತಿಳಿದಿದ್ದಾರೆ. ನನಗೆ ಅದು ತಪ್ಪೆಂದು ಕಾಣುತ್ತದೆ. ಅವಳನ್ನು ಅವಳ ಪೂರ್ತಿ ಶಕ್ತಿಗೆ ಏರಿಸುವುದೇ ಅವನ ಕೆಲಸ.

ನಮ್ಮ ನಾಡಿನಲ್ಲಿ ಹೀಗೆ ಹೇಳುವಾಗ ಸ್ವಲ್ಪ ಎಚ್ಚರ ಬೇಕು. ಸ್ಥಳದಲ್ಲೇ ಮಾತು ಕಟ್ಟುವ ವಿದ್ಯೆಯಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಕರಾವಳಿಯ ತಾಳಮದ್ದಳೆಯನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಅರ್ಥ ಹೇಳುತ್ತಾನೆ. ಪದ ಕವಿಯದು, ಮಾತು ಆ ರಾತ್ರಿಯದು. ಶೇಣಿ ಗೋಪಾಲಕೃಷ್ಣ ಭಟ್ಟರು, ಕುಂಬ್ಳೆ ಸುಂದರ ರಾವ್ ಇಂಥವರ ಅರ್ಥ ಕೇಳಲು ಜನ ನಿದ್ದೆಗೆಟ್ಟು ಕೂರುತ್ತಿದ್ದರು. ಕಂಪನಿ ನಾಟಕದ ಕಡೆ ಬಂದರೆ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದ ನಡುವೆ ಅಂದಂದಿನ ರಾಜಕೀಯವನ್ನು ಎಳೆದು ತಂದು ಮಂತ್ರಿಮಹೋದಯರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

ಆದರೆ ಇವರ ಎದುರಿಗೆ ಇದ್ದವರು ಯಾರು? ಅರ್ಥಧಾರಿಯ ಎದುರು ಇನ್ನೊಬ್ಬ ಅರ್ಥಧಾರಿ. ಇಬ್ಬರಿಗೂ ಪ್ರಸಂಗ ಗೊತ್ತು, ಇಬ್ಬರೂ ಪುರಾಣ ಅರೆದು ಕುಡಿದವರು. ಅಲ್ಲೂ ಸಂವಾದ ವಾದವಾಗಿಬಿಟ್ಟರೆ ರಸಿಕರು ಒಪ್ಪುವುದಿಲ್ಲ. ‘ಅರ್ಥ ಬಿಟ್ಟು ಜಗಳಕ್ಕೆ ಇಳಿದರು’ ಎಂದು ಮಾರನೇ ದಿನ ಹೋಟೆಲಿನಲ್ಲಿ ವಿಮರ್ಶೆ ನಡೆಯುತ್ತದೆ. ಹೀಗಿರುವಾಗ ಮೊದಲ ಸಲ ರಂಗಕ್ಕೆ ಕಾಲಿಟ್ಟ ಗೃಹಿಣಿಯ ಮುಂದೆ ಮಾತಿನ ಮಲ್ಲನನ್ನು ನಿಲ್ಲಿಸಿದರೆ ಏನಾಗುತ್ತದೆ? ಎರಡು ಮಾತಿಗೆ ಅವಳು ನಕ್ಕು, ತಲೆ ತಗ್ಗಿಸಿ, ಕೆಳಗಿಳಿಯುತ್ತಾಳೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಆ ಚಪ್ಪಾಳೆ ನಟನಿಗೆ.

ಇನ್ನು ಅಭ್ಯಾಸಗಳ ವಿಷಯ. ನಮ್ಮ ಶಿಬಿರಗಳಲ್ಲಿ ಇವತ್ತು ಆಡಿಸುವ ರಂಗಆಟಗಳಲ್ಲಿ ಬಹಳಷ್ಟಕ್ಕೆ ಮೂಲ ಶಿಕಾಗೊದ ವಯೋಲಾ ಸ್ಪೋಲಿನ್. ಅವರು 1920ರ ದಶಕದಲ್ಲಿ ನೀವಾ ಬಾಯ್ಡ್ ಎಂಬಾಕೆಯ ಹತ್ತಿರ ಮಕ್ಕಳ ಆಟಗಳ ಮೂಲಕ ಗುಂಪಿನ ಜತೆ ಕೆಲಸ ಮಾಡುವುದನ್ನು ಕಲಿತರು. ಆಮೇಲೆ ಬೇರೆ ಬೇರೆ ದೇಶಗಳಿಂದ ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ನಾಟಕ ಹೇಳಿಕೊಡಬೇಕಾಗಿ ಬಂದಾಗ, ಪಾಠಕ್ಕಿಂತ ಆಟವೇ ಬೇಗ ನಾಟುತ್ತದೆ ಎಂದು ಕಂಡುಕೊಂಡರು. 1963ರಲ್ಲಿ ಬಂದ ಅವರ ಪುಸ್ತಕ ಇವತ್ತಿಗೂ ಕೈಪಿಡಿಯಾಗಿ ಉಳಿದಿದೆ. ಮಗ ಪಾಲ್ ಸಿಲ್ಸ್ 1959ರಲ್ಲಿ ಶಿಕಾಗೊದಲ್ಲಿ ಇನ್ನಿಬ್ಬರ ಜತೆ ಶುರು ಮಾಡಿದ ಸೆಕೆಂಡ್ ಸಿಟಿ ತಂಡ ಪ್ರೇಕ್ಷಕರು ಕೂಗಿ ಹೇಳಿದ ವಿಷಯಕ್ಕೆ ಅಲ್ಲೇ ದೃಶ್ಯ ಕಟ್ಟುವುದನ್ನು ಜನಪ್ರಿಯ ಮಾಡಿತು.

ಸ್ಪೋಲಿನ್ ಅವರ ಆರಂಭದ ಅಭ್ಯಾಸಗಳಲ್ಲಿ ಒಂದನ್ನು ನಾನು ಯಾವ ತಂಡಕ್ಕೂ ತಪ್ಪಿಸುವುದಿಲ್ಲ. ಅರ್ಧ ಜನ ರಂಗದ ಮೇಲೆ ಸಾಲಾಗಿ ನಿಲ್ಲಬೇಕು, ಉಳಿದ ಅರ್ಧ ಜನ ಎದುರು ಕೂತು ಅವರನ್ನು ನೋಡಬೇಕು. ಅಷ್ಟೇ. ಏನೂ ಮಾಡುವಂತಿಲ್ಲ. ಸ್ವಲ್ಪ ಹೊತ್ತಿಗೆ ನಿಂತವರ ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ, ಬೆನ್ನಿಗೆ, ಕೂದಲಿಗೆ ಓಡಾಡತೊಡಗುತ್ತದೆ. ಒಬ್ಬ ನಗುತ್ತಾನೆ, ಒಬ್ಬಳು ನೆಲ ನೋಡುತ್ತಾಳೆ. ಆಗ ಒಂದು ಕೆಲಸ ಕೊಡಬೇಕು: ‘ಮೇಲೆ ಎಷ್ಟು ಹೆಂಚು ಇವೆ, ಎಣಿಸಿ.’ ಎಣಿಸಲು ಶುರು ಮಾಡಿದ ತಕ್ಷಣ ಕೈಗಳು ತಾವಾಗಿ ಇಳಿಯುತ್ತವೆ, ಮುಖ ಸಡಿಲಾಗುತ್ತದೆ. ಗಮನ ತನ್ನ ಮೇಲಿನಿಂದ ಹೊರಗಿನ ಒಂದು ಕೆಲಸದ ಮೇಲೆ ಹೋದರೆ ಮೈ ಹಗುರಾಗುತ್ತದೆ ಎಂಬುದು ಇದರ ಪಾಠ. ಪ್ರೇಕ್ಷಕಳು ರಂಗಕ್ಕೆ ಬಂದಾಗ ಅವಳ ಸ್ಥಿತಿ ಇದೇ. ಆಗ ನಟ ‘ಹೆದರಬೇಡಿ’ ಎಂದರೆ ಹೆದರಿಕೆ ಹೆಚ್ಚುತ್ತದೆ. ಅವಳ ಕೈಗೊಂದು ಕೆಲಸ ಕೊಡಬೇಕು. ‘ಅಣ್ಣ ಬಂದಿದೀನಿ, ನೀರು ಕೊಡಲ್ವಾ?’ ಎಂದರೆ ಸಾಕು. ಇಲ್ಲದ ಚೊಂಬು ಎತ್ತಿಕೊಳ್ಳಲು ಅವಳು ಬಗ್ಗಿದಳೆಂದರೆ ಪಾತ್ರದ ಒಳಗೆ ಬಂದಳು.

ಇನ್ನೊಬ್ಬರು ಇಂಗ್ಲೆಂಡಿನ ಕೀತ್ ಜಾನ್‌ಸ್ಟನ್. ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಕೆಲಸ ಮಾಡುತ್ತಿದ್ದವರು. ಆಗ ಅಲ್ಲಿ ಯಾವುದೇ ನಾಟಕದ ಹಸ್ತಪ್ರತಿ ಪ್ರದರ್ಶನಕ್ಕೆ ಮೊದಲೇ ಲಾರ್ಡ್ ಚೇಂಬರ್‌ಲಿನ್ ಕಚೇರಿಗೆ ಹೋಗಿ ಪರವಾನಗಿ ಪಡೆಯಬೇಕಿತ್ತು. ಮೊದಲೇ ಬರೆಯದ ಮಾತಿಗೆ ಪರವಾನಗಿ ಪಡೆಯುವುದು ಹೇಗೆ? ಅದಕ್ಕೇ ಅವರ ತಂಡ ಪ್ರದರ್ಶನವನ್ನು ‘ತರಗತಿ’ ಎಂಬ ಹೆಸರಿನಲ್ಲಿ ನಡೆಸುತ್ತಿತ್ತು. ಆ ಕಾಯಿದೆ ಹೋದದ್ದು 1968ರಲ್ಲಿ. ನಮಗೂ ಬ್ರಿಟಿಷರು 1876ರಲ್ಲಿ ನಾಟಕ ಪ್ರದರ್ಶನ ಕಾಯಿದೆ ಕೊಟ್ಟಿದ್ದರಲ್ಲ, ಅದೇ ಕುಲದ್ದು. ಅಧಿಕಾರಸ್ಥರಿಗೆ ಬರೆದ ಮಾತಿಗಿಂತ ಬರೆಯದ ಮಾತಿನ ಭಯ ಹೆಚ್ಚು.

ಜಾನ್‌ಸ್ಟನ್ ಅವರ ದೊಡ್ಡ ಕಾಣಿಕೆ ಸ್ಥಾನಮಾನದ ಅಭ್ಯಾಸ. ನಟರು ದಿನನಿತ್ಯದ ಸಣ್ಣ ಮಾತುಕತೆ ಆಡಿದರೆ ಅದು ಸಪ್ಪೆಯಾಗುತ್ತಿತ್ತು. ‘ಎದುರಿನವನಿಗಿಂತ ಒಂದು ಎಳೆಯಷ್ಟು ಮೇಲಿರಿ, ಇಲ್ಲವೇ ಒಂದು ಎಳೆಯಷ್ಟು ಕೆಳಗಿರಿ’ ಎಂದು ಹೇಳಿದ್ದೇ ತಡ, ಅದೇ ಮಾತುಕತೆಗೆ ಜೀವ ಬಂತು. ಅವರು ಇದನ್ನು ತಲೆ, ಕಣ್ಣು, ಕೂರುವ ಭಂಗಿಯಲ್ಲಿ ಕಲಿಸಿದರು. ಕನ್ನಡದ ನಟರಿಗೆ ಇನ್ನೂ ಒಂದು ಅನುಕೂಲವಿದೆ. ನಮ್ಮ ಕ್ರಿಯಾಪದದ ಬಾಲದಲ್ಲೇ ಮೇಲು ಕೀಳು ಕೂತಿದೆ. ನಾನು ಆಡಿಸುವ ಆಟ ಇದು: ತಾಲ್ಲೂಕು ಕಚೇರಿಯ ಗುಮಾಸ್ತ, ಪಹಣಿ ತಿದ್ದುಪಡಿಗೆ ಬಂದ ರೈತ. ರೈತ ‘ಸ್ವಾಮಿ, ತಾವು ಒಂಚೂರು ನೋಡ್ಬೇಕು’ ಎಂದು ಶುರು ಮಾಡಿ, ಐದಾರು ಮಾತಿನೊಳಗೆ ‘ಏನ್ರೀ ನೀವು’ ಮುಟ್ಟಬೇಕು. ಗುಮಾಸ್ತ ‘ಏನಯ್ಯ’ದಿಂದ ‘ಕೂತ್ಕೊಳ್ಳಿ ಸಾರ್’ ತನಕ ಇಳಿಯಬೇಕು. ಕೂಗುವಂತಿಲ್ಲ, ಬೈಯುವಂತಿಲ್ಲ. ಹಳ್ಳಿಯಿಂದ ಬಂದ ಹುಡುಗರು ಇದನ್ನು ಎಷ್ಟು ಸೊಗಸಾಗಿ ಆಡುತ್ತಾರೆಂದರೆ, ಪಟ್ಟಣದ ಇಂಗ್ಲಿಷ್ ಶಾಲೆಯ ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಅವರಿಗೆ ‘ಯು’ ಒಂದೇ.

ಜಾನ್‌ಸ್ಟನ್ ಅವರ ಇನ್ನೊಂದು ಪಾಠ, ಎದುರಿನವರು ಕೊಟ್ಟದ್ದನ್ನು ತಳ್ಳಿಹಾಕಬೇಡ ಎಂಬುದು. ಒಬ್ಬ ‘ಡಾಕ್ಟ್ರೇ, ಕಾಲು ನೋವು’ ಎಂದರೆ ಇನ್ನೊಬ್ಬ ‘ನಾನು ಡಾಕ್ಟರಲ್ಲ’ ಎನ್ನಬಾರದು, ದೃಶ್ಯ ಅಲ್ಲೇ ಸತ್ತುಹೋಗುತ್ತದೆ. ಈ ಪಾಠ ಈಗ ಎಲ್ಲ ಕಾರ್ಪೊರೇಟ್ ತರಬೇತಿಗಳಲ್ಲೂ ಹರಿದಾಡಿ ಸವೆದುಹೋಗಿದೆ. ಫೋರಂ ನಾಟಕದಲ್ಲಿ ಅದು ಒಂದು ಇಕ್ಕಟ್ಟು ತಂದಿಡುತ್ತದೆ. ಅಲ್ಲಿ ಎದುರಾಳಿಯ ಪಾತ್ರಧಾರಿ ಒಪ್ಪಿಕೊಂಡರೆ ನಾಟಕವೇ ಇಲ್ಲ! ದಬ್ಬಾಳಿಕೆ ಮಾಡುವವನು ಮೊದಲ ಮಾತಿಗೇ ಸೋತರೆ ಜನರಿಗೆ ಸುಳ್ಳು ಹೇಳಿದಂತೆ. ಸೋಲದೆ ಇದ್ದರೆ ಎದ್ದು ಬಂದವಳನ್ನು ಎಲ್ಲರೆದುರು ಸೋಲಿಸಿ ಕಳಿಸಿದಂತೆ. ನಡುವೆ ನಟ ಏನು ಮಾಡಬೇಕು?

ಒಂದು ಉದಾಹರಣೆ ಹೇಳುತ್ತೇನೆ. ಕಾಲೇಜೊಂದರ ಎನ್‌ಎಸ್‌ಎಸ್ ಶಿಬಿರದ ಹುಡುಗ ಹುಡುಗಿಯರು ಹಳೇ ಮೈಸೂರು ಕಡೆಯ ಹಳ್ಳಿಯೊಂದರ ಶಾಲೆ ಅಂಗಳದಲ್ಲಿ ಆಡಿದ ನಾಟಕ. ವಿಷಯ, ಹಕ್ಕು ಬಿಡುಗಡೆ ಪತ್ರ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಕೇಂದ್ರದ ತಿದ್ದುಪಡಿ 2005ರಲ್ಲಿ ಬಂತು. ಕಾಯಿದೆ ಬಂದಷ್ಟೇ ವೇಗವಾಗಿ ಅಣ್ಣತಮ್ಮಂದಿರು ತಂಗಿಯರ ಸಹಿ ಹಾಕಿಸಿಕೊಳ್ಳುವುದೂ ಬಂತು. ನಾಟಕದಲ್ಲಿ ಅಣ್ಣ ಗೌರಿ ಬಾಗಿನ ಹಿಡಿದು ತಂಗಿಯ ಮನೆಗೆ ಬರುತ್ತಾನೆ. ಮೊರ, ಸೀರೆ, ಬಳೆ ಎಲ್ಲ ಕೊಟ್ಟ ಮೇಲೆ ‘ನಾಳೆ ಹತ್ತಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸ್‌ಗೆ ಬಂದ್ಬಿಡಮ್ಮ. ಒಂದು ಸೈನು, ಅಷ್ಟೆ’ ಎನ್ನುತ್ತಾನೆ. ತಂಗಿ ಸುಮ್ಮನೆ ತಲೆಯಾಡಿಸುತ್ತಾಳೆ. ನಾಟಕ ನಿಲ್ಲುತ್ತದೆ. ಅವಳ ಜಾಗಕ್ಕೆ ಯಾರು ಬರುತ್ತೀರಿ?

ತಾಲೀಮಿನಲ್ಲಿ ಅಣ್ಣನ ಪಾತ್ರವನ್ನು ಬೇರೆ ಬೇರೆ ಹುಡುಗರಿಗೆ ಕೊಟ್ಟು ನೋಡಿದೆವು. ಒಬ್ಬ ಅಬ್ಬರಿಸಿದ. ಅವನನ್ನು ಎದುರಿಸುವುದು ಸುಲಭವಾಯಿತು. ಕೂಗುವ ಅಣ್ಣನಿಗೆ ಕೂಗುವ ತಂಗಿ. ಇನ್ನೊಬ್ಬ ಒಳ್ಳೆಯ ಹುಡುಗ, ತಂಗಿಯ ಒಂದು ಮಾತಿಗೆ ‘ಆಯ್ತು ಬಿಡಮ್ಮ, ನಿನ್ನಿಷ್ಟ’ ಎಂದುಬಿಟ್ಟ. ಮೂರನೆಯವನು ದನಿ ಏರಿಸಲೇ ಇಲ್ಲ. ಸೀರೆಯ ಅಂಚು ನೇವರಿಸುತ್ತ, ‘ಅಪ್ಪ ಹೋದ್ಮೇಲೆ ಈ ಮನೆ ಬಾಗ್ಲು ನಿಂಗೆ ಯಾವತ್ತಾದ್ರೂ ಮುಚ್ಚಿದೀನಾ?’ ಎಂದ. ತಂಗಿಯಾಗಿದ್ದ ಹುಡುಗಿಗೆ ಗಂಟಲು ಕಟ್ಟಿತು. ನಿಜವಾದ ಅಣ್ಣಂದಿರು ಮಾಡುವುದೂ ಅದನ್ನೇ. ಪ್ರೀತಿಯೇ ಒತ್ತಡವಾದಾಗ ಅದರ ಎದುರು ನಿಲ್ಲುವ ಅಭ್ಯಾಸ ಹೆಣ್ಣುಮಕ್ಕಳಿಗೆ ಬೇಕು, ಆ ಅಭ್ಯಾಸಕ್ಕೆ ಈ ಮೂರನೇ ಅಣ್ಣ ಬೇಕು.

ಪ್ರದರ್ಶನದಲ್ಲಿ ಎದ್ದು ಬಂದ ಒಬ್ಬಾಕೆ ‘ನಾನು ಲಾಯರ್ ಕೇಳಿದೀನಿ ಅಣ್ಣ, ನಂಗೂ ಪಾಲಿದೆಯಂತೆ’ ಎಂದಳು. ನಾಟಕದಲ್ಲಿ ಲಾಯರ್ ಇರಲಿಲ್ಲ. ಅದು ಅವಳು ಆಗಲೇ ಹುಟ್ಟಿಸಿದ ಸಂಗತಿ. ನಟ ‘ಸುಳ್ಳು, ನೀನೆಲ್ಲಿ ಕೇಳಿದೆ’ ಎಂದಿದ್ದರೆ ಅವಳ ಕಾಲ ಕೆಳಗಿನ ನೆಲ ಎಳೆದಂತಾಗುತ್ತಿತ್ತು. ಅವನು ಹೇಳಿದ್ದು: ‘ಲಾಯರ್ ಹತ್ರ ಹೋಗಿದ್ಯಾ? ನಂಗೊಂದು ಮಾತು ಹೇಳ್ದೆ? ಮನೆ ಮಾತು ಬೀದಿಗೆ ಹೋಯ್ತಲ್ಲಮ್ಮ.’ ಗಮನಿಸಿ. ಲಾಯರ್ ಇದ್ದಾನೆ ಎಂಬುದನ್ನು ನಟ ಒಪ್ಪಿದ; ಪಾಲು ಕೊಡುತ್ತೇನೆ ಎಂಬುದನ್ನು ಅಣ್ಣ ಒಪ್ಪಲಿಲ್ಲ. ಒಪ್ಪುವವನು ನಟ, ನಿರಾಕರಿಸುವವನು ಪಾತ್ರ. ಇಬ್ಬರೂ ಒಂದೇ ಮೈಯಲ್ಲಿ, ಒಂದೇ ಉಸಿರಿನಲ್ಲಿ ಕೆಲಸ ಮಾಡಬೇಕು. ಆಕೆಗೆ ತನ್ನ ಮಾತು ನಾಟಿತೆಂದು ಗೊತ್ತಾಯಿತು, ಜತೆಗೆ ಮುಂದಿನ ಮೆಟ್ಟಿಲೂ ಕಂಡಿತು.

ಇದಕ್ಕೆ ಬೊವಾಲ್ ಅವರಲ್ಲೇ ಒಂದು ದೈಹಿಕ ಅಭ್ಯಾಸವಿದೆ. ಇಬ್ಬರು ಎದುರುಬದುರು ನಿಂತು ಒಬ್ಬರ ಭುಜ ಒಬ್ಬರು ಹಿಡಿದು ತಳ್ಳಬೇಕು. ಪೂರ್ತಿ ಬಲ ಹಾಕಬೇಕು, ಗೆಲ್ಲಬಾರದು. ನೆಲದಲ್ಲೊಂದು ಗೆರೆ ಇದೆ ಎಂದುಕೊಳ್ಳಿ. ಎದುರಿನವನು ಸೋಲುತ್ತಿದ್ದಾನೆ ಎಂದು ಕೈಗೆ ತಿಳಿದ ಕೂಡಲೇ ನಾನು ನನ್ನ ಬಲ ಇಳಿಸಬೇಕು, ಅವನು ಏರಿಸಿದರೆ ಏರಿಸಬೇಕು. ಫೋರಂ ನಟನ ಕೆಲಸ ಇದೇ ಎಂದು ಬೊವಾಲ್ ಸ್ಪಷ್ಟವಾಗಿ ಹೇಳುತ್ತಾರೆ. ಗಂಡುಹುಡುಗರಿಗೆ ಇದು ಕಲಿಸುವುದು ಬಹಳ ಕಷ್ಟ. ಕಬಡ್ಡಿ ಆಡಿದವರಂತೂ ‘ಗೆಲ್ಲಬಾರದು ಅಂದ್ರೆ ಆಡೋದ್ಯಾಕೆ ಸಾರ್’ ಎಂದು ಕೇಳುತ್ತಾರೆ. ದಿನವೂ ಮಾಡಿಸಬೇಕು. ಭುಜಕ್ಕೆ ಬಂದ ಮೇಲೆ ಅದನ್ನೇ ಮಾತಿಗೆ ತರಬೇಕು: ಬಾಗಿಲ ಹೊರಗೆ ಒಬ್ಬ, ಒಳಗೆ ಒಬ್ಬ, ಹೊರಗಿನವನು ಒಳಗೆ ಬರಲು ಒಂದೊಂದೇ ಕಾರಣ ಹೇಳಬೇಕು, ಒಳಗಿನವನು ಪ್ರತಿ ಕಾರಣವನ್ನೂ ನಿಜವೆಂದು ಒಪ್ಪಿಯೇ ಬಾಗಿಲು ತೆಗೆಯದಿರಬೇಕು.

ಹೆಣ್ಣು ಗಂಡು ಒಟ್ಟಿಗಿರುವ ತಂಡಗಳಲ್ಲಿ, ಹಳ್ಳಿಯ ಅಂಗಳದಲ್ಲಿ, ಮೈ ಮುಟ್ಟುವ ಆಟ ಎಲ್ಲ ಕಡೆ ನಡೆಯುವುದಿಲ್ಲ. ಆಗ ಬೊವಾಲ್ ಅವರ ಸಮ್ಮೋಹನದ ಆಟ ಅನುಕೂಲ. ಒಬ್ಬರು ಅಂಗೈಯನ್ನು ಇನ್ನೊಬ್ಬರ ಮುಖದಿಂದ ಗೇಣು ದೂರದಲ್ಲಿ ಹಿಡಿಯುತ್ತಾರೆ. ಅಂಗೈ ಎತ್ತ ಹೋದರೆ ಮುಖ ಅತ್ತ, ಅದೇ ಅಂತರದಲ್ಲಿ. ನೋಡುವವರಿಗೆ ಹಿಂಬಾಲಿಸುವವರ ಕಸರತ್ತು ಕಾಣುತ್ತದೆ. ಕಲಿಯುವುದು ಮಾತ್ರ ನಡೆಸುವವರು. ಎದುರಿನ ಹುಡುಗಿಯ ಮಂಡಿ ಎಷ್ಟು ಬಾಗೀತು, ಹಿಂದೆ ಗೋಡೆ ಇದೆಯೇ, ಅವಳಿಗೆ ದಣಿವಾಯಿತೇ ಎಂದು ಅಂಗೈಯವರೇ ನೋಡಬೇಕು.

ಒಂದೊಂದೇ ಪದ ಸೇರಿಸಿ ಗುಂಪು ಕಥೆ ಕಟ್ಟುವ ಆಟ ಎಲ್ಲರಿಗೂ ಗೊತ್ತು. ಕನ್ನಡದಲ್ಲಿ ಆಡುವಾಗ ಒಂದು ಎಚ್ಚರಿಕೆ ಮಾತ್ರ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಅಜ್ಜಿ - ರಾತ್ರಿ - ಬಾವಿಗೆ’ ಎಂದು ಮೂವರು ತಂದದ್ದನ್ನು ನಾಲ್ಕನೆಯವನು ‘ಬಿದ್ದಳು’ ಎಂದು ನಗಿಸಿ ಮುಗಿಸಿಬಿಡುತ್ತಾನೆ. ಕೊನೆಯ ಪದ ಸಿಕ್ಕವನು ‘ಇಣುಕಿ’ ಎಂದು ವಾಕ್ಯವನ್ನು ಮುಂದಿನವರಿಗೆ ದಾಟಿಸಲು ಕಲಿತರೆ ಅರ್ಧ ವಿದ್ಯೆ ಬಂದಂತೆ.

ಇನ್ನು ಜೋಕರ್. ಫೋರಂ ನಾಟಕದಲ್ಲಿ ಜನರಿಗೂ ರಂಗಕ್ಕೂ ನಡುವೆ ನಿಲ್ಲುವ ಸೂತ್ರಧಾರನನ್ನು ಬೊವಾಲ್ ಜೋಕರ್ ಎನ್ನುತ್ತಾರೆ. ಇಲ್ಲಿ ನಾವು ಹೊರಗಿನವರಿಗಿಂತ ನಮ್ಮ ಭಾಗವತರಿಂದ ಕಲಿಯುವುದು ಹೆಚ್ಚಿದೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ವಾದ ಹದ ಮೀರಿತು ಎನ್ನಿಸಿದರೆ ಭಾಗವತರು ಯಾರನ್ನೂ ಗದರಿಸುವುದಿಲ್ಲ, ಮುಂದಿನ ಪದ ಎತ್ತುತ್ತಾರೆ. ಮದ್ದಳೆ ನುಡಿಯಿತೆಂದರೆ ವಾದ ಮುಗಿಯಿತು, ಯಾರಿಗೂ ಅವಮಾನವಿಲ್ಲ. ಬೇಗ ಎತ್ತಿದರೆ ರಸಭಂಗ, ತಡ ಮಾಡಿದರೆ ಬೇಸರ. ಉತ್ತರ ಕರ್ನಾಟಕದ ಕೃಷ್ಣ ಪಾರಿಜಾತದ ಭಾಗವತ ಪಾತ್ರಗಳೊಂದಿಗೆ ಮಾತಿಗಿಳಿಯುತ್ತಾನೆ, ಜನರ ಪರವಾಗಿ ಕೊಂಕು ಪ್ರಶ್ನೆ ಕೇಳುತ್ತಾನೆ. ಜೋಕರ್‌ಗೂ ಈ ಎರಡು ಗುಣ ಬೇಕು. ಎದ್ದು ಬಂದವರು ‘ಅಣ್ಣನಿಗೆ ಬುದ್ಧಿ ಬಂತು, ಪಾಲು ಕೊಟ್ಟ’ ಎಂದು ಪವಾಡ ಮಾಡಿ ಮುಗಿಸಿದರೆ ಜೋಕರ್ ತಾನು ತೀರ್ಪು ಕೊಡದೆ ಜನರ ಕಡೆ ತಿರುಗಿ ‘ನಿಮ್ಮೂರಲ್ಲಿ ಹೀಗೆ ಆಗುತ್ತಾ?’ ಎಂದು ಕೇಳಬೇಕು. ಉತ್ತರ ಅವರೇ ಹೇಳುತ್ತಾರೆ, ಸಾಮಾನ್ಯವಾಗಿ ಒಬ್ಬ ಅಜ್ಜಿ.

ಯಾರೂ ಏಳದಿದ್ದರೆ? ಹೊಸ ಜೋಕರ್‌ಗಳು ಈ ಮೌನಕ್ಕೆ ಹೆದರಿ ಹಾಸ್ಯ ಚಟಾಕಿ ಹಾರಿಸುತ್ತಾರೆ, ಇಲ್ಲವೇ ಮುಂದೆ ಕೂತ ಮೇಷ್ಟರನ್ನು ಕೈ ಹಿಡಿದು ಎಳೆತರುತ್ತಾರೆ. ಎಳೆತಂದವರು ಆಡುವುದಿಲ್ಲ, ಭಾಷಣ ಮಾಡುತ್ತಾರೆ. ಕಾಯುವುದೇ ಸರಿ. ಹೆಂಚು ಎಣಿಸಿದ ಅಭ್ಯಾಸ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ: ನಟರು ತಾವು ನಿಂತ ಭಂಗಿಯಲ್ಲೇ, ಸೀರೆ ಮಡಿಸುತ್ತಲೋ ಬಾಗಿನ ಜೋಡಿಸುತ್ತಲೋ ಇದ್ದರೆ ಮೌನ ಜನರ ಕಡೆಗೆ ದಾಟುತ್ತದೆ. ಹಿಂದಿನ ಸಾಲಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಿವಿಯಲು ಶುರು ಮಾಡಿದರೆ ಇನ್ನು ಸ್ವಲ್ಪ ಹೊತ್ತಷ್ಟೆ.

ಇನ್ನೊಂದು ಹೊಣೆಯ ಬಗ್ಗೆ ಹೇಳದಿದ್ದರೆ ಈ ವಿಷಯಕ್ಕೆ ಅನ್ಯಾಯವಾಗುತ್ತದೆ. ರಂಗದ ಮೇಲೆ ಅಣ್ಣನ ಎದುರು ನಿಂತವಳು ರಾತ್ರಿ ಅದೇ ಊರಿನ ತನ್ನ ಮನೆಗೆ ಹೋಗುತ್ತಾಳೆ. ನಿಜವಾದ ಅಣ್ಣ ಅಲ್ಲೇ ಜಗಲಿಯಲ್ಲಿ ಕೂತು ನಾಟಕ ನೋಡಿರಬಹುದು. ಅದಕ್ಕೇ ಪಾತ್ರದ ಹೆಸರು, ಜಾತಿ, ಊರು ಆ ಹಳ್ಳಿಯದಾಗಿರಬಾರದು. ಎದ್ದು ಬಂದವರ ಸ್ವಂತ ಹೆಸರನ್ನು ಮೈಕಿನಲ್ಲಿ ಕೇಳಬಾರದು. ಆಡಿದ ಮೇಲೆ ಜೋಕರ್ ಅವರನ್ನು ‘ತಂಗಿ ಪಾತ್ರ ಮಾಡಿದವರು’ ಎಂದೇ ಕರೆಯಬೇಕು. ಫೋಟೋ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕುವ ನಮ್ಮ ಉತ್ಸಾಹವನ್ನೂ ಅಲ್ಲೇ ತಡೆಯಬೇಕು.

ಹಾಗಾದರೆ ಅವರು ಹೇಳಿದ್ದೆಲ್ಲ ಅಲ್ಲಿಗೇ ಮುಗಿಯಬೇಕೇ? ಬೊವಾಲ್ 1993ರಿಂದ 1996ರವರೆಗೆ ರಿಯೋ ಡಿ ಜನೈರೊ ನಗರಸಭೆಯ ಸದಸ್ಯರಾಗಿದ್ದರು. ಬಡಾವಣೆಗಳಲ್ಲಿ ಫೋರಂ ನಾಟಕ ಆಡಿಸಿ, ಎದ್ದು ಬಂದವರು ಹೇಳಿದ್ದನ್ನು ಬರೆದಿಡಿಸಿ, ಅದರಿಂದ ಮಸೂದೆಗಳನ್ನು ರೂಪಿಸಿದರು. 13 ಕಾನೂನುಗಳು ಹಾಗೆ ಬಂದವು. ಅಷ್ಟು ದೂರ ಹೋಗದಿದ್ದರೂ ಪ್ರತಿ ತಂಡವೂ ಒಂದು ನೋಟ್‌ಬುಕ್ ಇಡಲಿ. ಯಾರು ಬಂದರೆಂದು ಬರೆಯಬೇಡಿ. ಏನು ಮಾಡಿದರು, ನಟ ಏನು ಹೇಳಿದ, ಯಾವ ಮಾತಿಗೆ ಜನ ಗುಜುಗುಜು ಎಂದರು, ಎಲ್ಲಿ ನಟ ತಡವರಿಸಿದ ಎಂದು ಬರೆಯಿರಿ. ಮುಂದಿನ ವಾರದ ತಾಲೀಮಿಗೆ ಅದೇ ಪಠ್ಯ. ಆ ಎನ್‌ಎಸ್‌ಎಸ್ ತಂಡದ ನೋಟ್‌ಬುಕ್ಕಿನಲ್ಲಿ ಒಂದು ಪ್ರದರ್ಶನದ ಪುಟ ಹೀಗಿದೆ. ಎದ್ದು ಬಂದಾಕೆ ಬಾಗಿನ ತೆಗೆದುಕೊಂಡಳು, ಕಣ್ಣಿಗೊತ್ತಿಕೊಂಡಳು, ಆಮೇಲೆ ಕೇಳಿದಳು: ‘ಸೈನ್ ಹಾಕ್ತೀನಿ ಅಣ್ಣ. ಅತ್ತಿಗೆ ಅವ್ರ ತವರಲ್ಲಿ ಹಾಕ್ಬಿಟ್ಟಿದಾರಾ?’

ಮೂರನೇ ಅಣ್ಣನಿಗೂ ಮಾತು ಹೊರಡಲಿಲ್ಲ. ಏನು ಹೇಳಬೇಕಿತ್ತು ಎಂದು ಆ ತಂಡ ಈಗಲೂ ತಾಲೀಮಿನಲ್ಲಿ ಹುಡುಕುತ್ತಿದೆ. ಸಭೆಯಲ್ಲಿ ಅಣ್ಣಂದಿರು ಬಹಳ ಜನ ಇದ್ದೀರಿ. ಚಹಾ ಹೊತ್ತಿಗೆ ಯಾರಾದರೂ ಹೇಳಿದರೆ ಬರೆದುಕೊಂಡು ಹೋಗುತ್ತೇನೆ.